ವಿಲಿಯಮ್ಸ್‌ಗೆ ಪೂರ್ತಿ ದುಡ್ಡು ಕಟ್ಟುವುದಾ, ವೂಸ್ಟರ್ ಕೊಟ್ಟ ಸ್ಕಾಲರ್‌ಶಿಪ್ ತಗೊಳ್ಳುವುದಾ?

ನೀವು ಕೇಳಿದ್ದು ಇಷ್ಟು. ನ್ಯೂಜೆರ್ಸಿಯಲ್ಲಿದ್ದೀರಿ. ಮಗಳಿಗೆ ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಆದರೆ ಒಂದು ಡಾಲರ್ ನೆರವೂ ಇಲ್ಲ, ವರ್ಷಕ್ಕೆ 90 ಸಾವಿರ. ಒಹಾಯೊದ ವೂಸ್ಟರ್ ಕಾಲೇಜು ತನ್ನ 75 ಸಾವಿರದಲ್ಲಿ 38 ಸಾವಿರವನ್ನು ಮೆರಿಟ್ ಸ್ಕಾಲರ್‌ಶಿಪ್ ಎಂದು ಬಿಟ್ಟಿದೆ. ಅವಳಿಗೆ ಬಯಾಲಜಿ ಇಷ್ಟ. ಮುಂದೆ ಡಾಕ್ಟರ್ ಆಗಬೇಕೆಂಬ ಆಸೆ, ಇಲ್ಲದಿದ್ದರೆ ಪಿಎಚ್‌ಡಿ. ಹೆಸರು ಬಿಡಲು ಮನಸ್ಸಿಲ್ಲ, ಸಾಲ ಮಾಡಲು ಧೈರ್ಯವಿಲ್ಲ.

ಉತ್ತರ ಮೊದಲೇ ಹೇಳಿಬಿಡುತ್ತೇನೆ: ವೂಸ್ಟರ್. ನಾನು ಮಿಡ್‌ವೆಸ್ಟ್‌ನ ಇಂಥದ್ದೇ ಒಂದು ಸಣ್ಣ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು. ನನ್ನದು ಈ ಎರಡರಲ್ಲಿ ಯಾವುದೂ ಅಲ್ಲ. ಆದರೂ ಸಣ್ಣ ಊರಿನ ಕಾಲೇಜುಗಳ ಕಡೆ ನನಗೆ ಸ್ವಲ್ಪ ಒಲವು ಜಾಸ್ತಿ, ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಓದಿ.

ಸಣ್ಣ ಕಾಲೇಜುಗಳ ಹೆಸರಿನದು ಒಂದು ವಿಚಿತ್ರ ಕಥೆ. ಹಾರ್ವರ್ಡ್ ಅಂದರೆ ಊರಲ್ಲಿರುವ ಚಿಕ್ಕಪ್ಪನಿಗೂ ಗೊತ್ತು. ವಿಲಿಯಮ್ಸ್ ಅಂದರೆ ‘ಯಾವ್ದಪ್ಪಾ ಅದು, ಎಂಜಿನಿಯರಿಂಗ್ ಕಾಲೇಜಾ?’ ಅಂತಾರೆ. ವೂಸ್ಟರ್ ಅಂದರೂ ಅದೇ ಪ್ರಶ್ನೆ. 1793ರಲ್ಲಿ ಶುರುವಾಗಿ, ಕಾಲೇಜುಗಳಿಗೆ ರ‍್ಯಾಂಕ್ ಕೊಡುವ ಯು.ಎಸ್. ನ್ಯೂಸ್ ಪಟ್ಟಿಯಲ್ಲಿ ಎಷ್ಟೋ ವರ್ಷ ಲಿಬರಲ್ ಆರ್ಟ್ಸ್ ಕಾಲೇಜುಗಳ (ಮುಖ್ಯವಾಗಿ ಡಿಗ್ರಿ ಪಾಠ ಮಾಡುವ ಇಂಥ ಸಣ್ಣ ಕಾಲೇಜುಗಳ) ಮೊದಲ ಸ್ಥಾನದಲ್ಲಿದ್ದ ವಿಲಿಯಮ್ಸ್‌ಗೇ ಈ ಗತಿ. ಅಮೆರಿಕದಲ್ಲೂ ಬೀದಿಯಲ್ಲಿ ಹೋಗುವವರನ್ನು ಕೇಳಿದರೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಗೊತ್ತಿರುವುದು ಕೆಲವು ಕಡೆ ಮಾತ್ರ. ಹಾಗಾಗಿ ‘ಹೆಸರು ಇದೆಯಾ’ ಎಂದು ಕೇಳಿ ಪ್ರಯೋಜನವಿಲ್ಲ. ‘ಈ ಹೆಸರು ಎಲ್ಲಿ ನಡೆಯುತ್ತದೆ, ನನ್ನ ಮಗಳು ಅಲ್ಲಿಗೆ ಹೋಗುವವಳಾ’ ಎಂದು ಕೇಳಬೇಕು.

ವಿಲಿಯಮ್ಸ್ ಹೆಸರು ಭರ್ಜರಿಯಾಗಿ ನಡೆಯುವ ಜಾಗಗಳು ಇಲ್ಲದಿಲ್ಲ. ನ್ಯೂಯಾರ್ಕಿನ ಹಣಕಾಸು ಕಂಪನಿಗಳು, ಕನ್ಸಲ್ಟಿಂಗ್ ಸಂಸ್ಥೆಗಳು. ಎಲ್ಲಕ್ಕಿಂತ ಹೆಚ್ಚಾಗಿ ಆರ್ಟ್ ಮ್ಯೂಸಿಯಂಗಳು. ಗುಗೆನ್‌ಹೈಮ್ ನಡೆಸಿದ ಥಾಮಸ್ ಕ್ರೆನ್ಸ್, ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ನಡೆಸಿದ ರಸ್ಟಿ ಪವೆಲ್, ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ನಡೆಸಿದ ಗ್ಲೆನ್ ಲೌರಿ, ಮೂವರೂ ವಿಲಿಯಮ್ಸ್‌ನಲ್ಲಿ ಓದಿದವರು. ಆ ವಲಯದಲ್ಲಿ ‘ವಿಲಿಯಮ್ಸ್ ಮಾಫಿಯಾ’ ಅಂತಲೇ ಮಾತಿದೆ. ನಿಮ್ಮ ಮಗಳು ಆರ್ಟ್ ಹಿಸ್ಟರಿ ಓದುತ್ತೇನೆ ಎಂದಿದ್ದರೆ ನನ್ನ ಉತ್ತರ ಇಷ್ಟು ಬೇಗ ಬರುತ್ತಿರಲಿಲ್ಲ.

ಆದರೆ ಅವಳು ಈ ಡಿಗ್ರಿ ಮುಗಿಸಿ ಹೋಗಬೇಕಿರುವುದು ಮೆಡಿಕಲ್ ಸ್ಕೂಲಿಗೆ. ಅಲ್ಲಿ ನೋಡುವುದು ಜಿಪಿಎ (ಡಿಗ್ರಿಯ ಸರಾಸರಿ ಗ್ರೇಡ್), ಎಂಕ್ಯಾಟ್ (ಮೆಡಿಕಲ್ ಪ್ರವೇಶ ಪರೀಕ್ಷೆ) ಅಂಕ, ಆಸ್ಪತ್ರೆಯಲ್ಲಿ ಮಾಡಿದ ಕೆಲಸ, ಮೇಷ್ಟ್ರುಗಳು ಬರೆದ ಪತ್ರ. ಕಾಲೇಜಿನ ಹೆಸರು ಅದರ ನಂತರ. ಪಿಎಚ್‌ಡಿಗಾದರೆ ಲ್ಯಾಬಿನಲ್ಲಿ ಏನು ಮಾಡಿದ್ದಾಳೆ ಎಂಬುದೇ ಮುಖ್ಯ. ನಾನೂ ಪ್ರತಿವರ್ಷ ಇಂಥ ಪತ್ರಗಳನ್ನು ಬರೆಯುತ್ತೇನೆ. ನನ್ನ ಲ್ಯಾಬಿನಲ್ಲಿ ಬೇಸಿಗೆಯಿಡೀ ಕೂತು, ಕೆಟ್ಟುಹೋದ ಪ್ರಯೋಗವನ್ನು ತಾನೇ ಸರಿಮಾಡಿದ ಹುಡುಗಿಯ ಬಗ್ಗೆ ಎರಡು ಪುಟ ಬರೆಯಬಹುದು. ಸುಮ್ನೆ ‘ಎ’ ಗ್ರೇಡ್ ತಗೊಂಡು ಹೋದವಳ ಬಗ್ಗೆ ನಾಲ್ಕು ಸಾಲು ಬರೆಯುವುದೂ ಕಷ್ಟ.

ಈ ವಿಷಯದಲ್ಲಿ ವೂಸ್ಟರ್ ನಿಜಕ್ಕೂ ಗಟ್ಟಿ. ಅಲ್ಲಿ ಕೊನೆಯ ವರ್ಷ ಪ್ರತಿಯೊಬ್ಬ ವಿದ್ಯಾರ್ಥಿಯೂ, ಬುದ್ಧಿವಂತರು ಮಾತ್ರ ಅಲ್ಲ, ಪ್ರತಿಯೊಬ್ಬರೂ, ಒಬ್ಬ ಪ್ರೊಫೆಸರ್ ಜೊತೆ ಕೂತು ಸ್ವಂತ ಸಂಶೋಧನೆ ಮಾಡಿ ಪ್ರಬಂಧ ಬರೆಯಲೇಬೇಕು. ಇಂಡಿಪೆಂಡೆಂಟ್ ಸ್ಟಡಿ ಎನ್ನುತ್ತಾರೆ. ಅದನ್ನು ಒಪ್ಪಿಸಿದ ದಿನ ಕೈಗೆ ಒಂದು ಟೂಟ್ಸಿ ರೋಲ್ ಚಾಕೊಲೇಟ್ ಕೊಡುತ್ತಾರೆ, ಬ್ಯಾಗ್‌ಪೈಪ್ ಊದಿಸಿಕೊಂಡು ಮೆರವಣಿಗೆ ಮಾಡುತ್ತಾರೆ. ಕಾಂಪ್ಟನ್ ಎಫೆಕ್ಟ್ ಎಂದು ಫಿಸಿಕ್ಸ್‌ನಲ್ಲಿ ಓದುತ್ತೇವಲ್ಲ, ಅದಕ್ಕೆ 1927ರಲ್ಲಿ ನೊಬೆಲ್ ಪಡೆದ ಆರ್ಥರ್ ಕಾಂಪ್ಟನ್ ಡಿಗ್ರಿ ಓದಿದ್ದು ಇಲ್ಲೇ. ವಿಲಿಯಮ್ಸ್‌ನಲ್ಲೂ ಇದಕ್ಕೆ ಸಮನಾದದ್ದು ಇದೆ: ಟ್ಯುಟೋರಿಯಲ್ ಕ್ಲಾಸುಗಳು, ಒಬ್ಬ ಪ್ರೊಫೆಸರ್ ಎದುರು ಇಬ್ಬರೇ ವಿದ್ಯಾರ್ಥಿಗಳು. ಅದು ಬಹಳ ಒಳ್ಳೆಯದು, ಹೊಟ್ಟೆಕಿಚ್ಚುಪಡುವಷ್ಟು ಒಳ್ಳೆಯದು. ಆದರೆ ಅವಳ ಗುರಿಗೆ ಎರಡು ಲಕ್ಷ ಡಾಲರ್ ಜಾಸ್ತಿ ಕೊಡುವಷ್ಟು ವ್ಯತ್ಯಾಸ ನನಗೆ ಕಾಣುವುದಿಲ್ಲ.

ಎರಡು ಲಕ್ಷ ಎಲ್ಲಿಂದ ಬಂತು? ಲೆಕ್ಕ ಹಾಕೋಣ. ನೀವು ಮೊದಲ ವರ್ಷದ್ದನ್ನು ನಾಲ್ಕರಿಂದ ಗುಣಿಸಿದ್ದೀರಿ. ಹಾಗೆ ಮಾಡಬೇಡಿ. ಫೀಸು ವರ್ಷವರ್ಷ ಏರುತ್ತದೆ, ಸ್ಕಾಲರ್‌ಶಿಪ್ ಸಾಮಾನ್ಯವಾಗಿ ಏರುವುದಿಲ್ಲ. ವರ್ಷಕ್ಕೆ ಶೇ 4 ಏರಿಕೆ ಎಂದಿಟ್ಟುಕೊಂಡರೆ ವೂಸ್ಟರ್‌ನಲ್ಲಿ ನಿಮ್ಮ ಪಾಲು ಮೊದಲ ವರ್ಷ 37 ಸಾವಿರ, ಆಮೇಲೆ 40, 43, ಕೊನೆಯ ವರ್ಷ 46. ಒಟ್ಟು ಸುಮಾರು 1 ಲಕ್ಷ 66 ಸಾವಿರ. ನೀವು ಅಂದುಕೊಂಡ 1 ಲಕ್ಷ 48 ಸಾವಿರ ಅಲ್ಲ. ಅದೇ ಏರಿಕೆಯಲ್ಲಿ ವಿಲಿಯಮ್ಸ್ 3 ಲಕ್ಷ 82 ಸಾವಿರ ಆಗುತ್ತದೆ. ನಡುವಿನ ಅಂತರ 2 ಲಕ್ಷ 15 ಸಾವಿರಕ್ಕೂ ಮೇಲೆ.

ಸಾಲದಿಂದ ಈ ಅಂತರ ತುಂಬುತ್ತೇವೆ ಎಂದರೆ, ದಾರಿ ಈಗ ಕಿರಿದಾಗಿದೆ. 2025ರಲ್ಲಿ ಬಂದ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸದಾಗಿ ಪೇರೆಂಟ್ ಪ್ಲಸ್ ಸಾಲ (ಮಕ್ಕಳ ಓದಿಗೆ ಅಪ್ಪ ಅಮ್ಮನಿಗೆ ಸಿಗುವ ಸರ್ಕಾರಿ ಸಾಲ) ತೆಗೆಯುವವರಿಗೆ ವರ್ಷಕ್ಕೆ 20 ಸಾವಿರ, ಒಬ್ಬ ಮಗುವಿಗೆ ಒಟ್ಟು 65 ಸಾವಿರ ಮಿತಿ. ಮಗಳ ಹೆಸರಲ್ಲಿ ಸಿಗುವ ಸರ್ಕಾರಿ ಸಾಲ ನಾಲ್ಕು ವರ್ಷಕ್ಕೆ ಒಟ್ಟು 27 ಸಾವಿರ. ಎರಡೂ ಸೇರಿಸಿದರೆ 92 ಸಾವಿರ. ಉಳಿದದ್ದಕ್ಕೆ ಖಾಸಗಿ ಸಾಲ ಇಲ್ಲವೇ ಮನೆ ಅಡ. ಇನ್ನೊಂದು ಮಾತು, ನನ್ನ ಪ್ರಕಾರ ಇದೇ ದೊಡ್ಡದು. ಅದೇ ಕಾನೂನು ಮೆಡಿಕಲ್ ಓದುವವರ ಸರ್ಕಾರಿ ಸಾಲಕ್ಕೂ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಎಂದು ಮಿತಿ ಹಾಕಿದೆ. ಖಾಸಗಿ ಮೆಡಿಕಲ್ ಸ್ಕೂಲಿನ ನಾಲ್ಕು ವರ್ಷಕ್ಕೆ 3 ಲಕ್ಷ ಸಾಲುವುದಿಲ್ಲ. ಮೇಲಿನದನ್ನು ಯಾರು ಕೊಡುತ್ತಾರೆ? ಡಿಗ್ರಿಯಲ್ಲಿ ಕೈ ಖಾಲಿ ಮಾಡಿಕೊಂಡರೆ ನಿಜವಾಗಿ ದುಡ್ಡು ಬೇಕಾದಾಗ ನಿಮ್ಮ ಹತ್ತಿರ ಇರುವುದಿಲ್ಲ.

ನೀವು ಯಾವ ವೀಸಾದಲ್ಲಿದ್ದೀರಿ ಎಂದು ಬರೆದಿಲ್ಲ. ಮಗಳು ಇನ್ನೂ ನಿಮ್ಮ ಕೆಲಸದ ವೀಸಾಕ್ಕೆ ಸೇರಿದ ಎಚ್-4 ವೀಸಾದಲ್ಲಿದ್ದರೆ ಸರ್ಕಾರಿ ಸಾಲವೂ ಇಲ್ಲ, ಸರ್ಕಾರಿ ನೆರವೂ ಇಲ್ಲ. 21 ತುಂಬಿದ ಮೇಲೆ ಅವಳು ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಬೇಕಾಗುತ್ತದೆ. ಜೊತೆಗೆ ಬಹಳಷ್ಟು ಮೆಡಿಕಲ್ ಸ್ಕೂಲುಗಳು ಗ್ರೀನ್ ಕಾರ್ಡ್ ಇಲ್ಲದವರನ್ನು ತೆಗೆದುಕೊಳ್ಳುವುದೇ ಇಲ್ಲ. ಹಾಗಿದ್ದರೆ ಈ ಇಡೀ ಲೆಕ್ಕವನ್ನು ಇನ್ನೊಮ್ಮೆ ಹಾಕಬೇಕು.

‘ದೊಡ್ಡ ಕಾಲೇಜಲ್ಲಿ ಓದಿದರೆ ಸಂಬಳ ಜಾಸ್ತಿ ಅಲ್ವಾ?’ ಎಂದೂ ಕೇಳಿದ್ದೀರಿ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಸಂಶೋಧಕರು 2002ರಲ್ಲಿ ಇದನ್ನೇ ನೋಡಿದರು. ಪೈಪೋಟಿ ಜಾಸ್ತಿ ಇರುವ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಬೇರೆ ಕಡೆ ಹೋದವರ ಸಂಪಾದನೆ, ಅಲ್ಲೇ ಓದಿದವರ ಸಂಪಾದನೆಗೆ ಹೆಚ್ಚುಕಮ್ಮಿ ಸಮನಾಗಿತ್ತು. ಬಡ ಮನೆಗಳಿಂದ ಬಂದವರಿಗೆ ಮಾತ್ರ ದೊಡ್ಡ ಕಾಲೇಜಿನಿಂದ ಲಾಭ ಕಂಡಿತು. 2023ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು ಹಾರ್ವರ್ಡ್‌ನಂಥ ಐವಿ ಲೀಗ್ ಮಟ್ಟದ ಕಾಲೇಜುಗಳನ್ನು ನೋಡಿದಾಗ, ಸರಾಸರಿ ಸಂಪಾದನೆ ಅಷ್ಟೇನೂ ಬದಲಾಗದಿದ್ದರೂ ತೀರಾ ಮೇಲಿನ ಶೇ 1ರ ಗುಂಪಿಗೆ ಸೇರುವ ಅವಕಾಶ ಏರಿದ್ದು ಕಂಡಿತು. ಅದು ದೊಡ್ಡ ಯೂನಿವರ್ಸಿಟಿಗಳ ಮೇಲೆ ನಡೆದ ಅಧ್ಯಯನ. ಅದನ್ನು ಹಾಗೇ ಎತ್ತಿ ವಿಲಿಯಮ್ಸ್‌ಗೆ ಅಂಟಿಸಲು ಆಗುವುದಿಲ್ಲ.

38 ಸಾವಿರ ಸಿಕ್ಕಿತು ಎಂದು ಬೀಗುವುದೂ ಬೇಡ, ಕಾಲೇಜು ಕಳಪೆ ಇರಬೇಕು ಎಂದು ಅನುಮಾನಿಸುವುದೂ ಬೇಡ. ವಿಲಿಯಮ್ಸ್, ಆಮ್‌ಹರ್ಸ್ಟ್, ಪೊಮೋನಾ ಇಂಥವು ಮೆರಿಟ್ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ, ಆದಾಯ ನೋಡಿ ನೆರವು ಕೊಡುತ್ತವೆ ಅಷ್ಟೇ. ಅದರ ಕೆಳಗಿನ ಸಾಲಿನವು ಒಳ್ಳೆಯ ಮಕ್ಕಳನ್ನು ಸೆಳೆಯಲು ಬೆಲೆ ಇಳಿಸುತ್ತವೆ. ಅಮೆರಿಕದ ಖಾಸಗಿ ಕಾಲೇಜುಗಳು ಹೊಸ ವಿದ್ಯಾರ್ಥಿಗಳಿಗೆ ಸರಾಸರಿ ಪಾಠದ ಫೀಸಿನ ಅರ್ಧಕ್ಕಿಂತ ಹೆಚ್ಚು ರಿಯಾಯಿತಿ ಕೊಡುತ್ತಿವೆ. ರೇಷ್ಮೆ ಸೀರೆ ಅಂಗಡಿಯ ಬೆಲೆ ಚೀಟಿಯ ಹಾಗೆ, ಬರೆದದ್ದು ಒಂದು, ಬಿಲ್ ಆಗುವುದು ಇನ್ನೊಂದು.

ವಿಲಿಯಮ್ಸ್ ಕೈಬಿಡುವ ಮೊದಲು ಅಲ್ಲಿ ನೆರವು ನಿರ್ಧರಿಸುವ ಏಡ್ ಆಫೀಸಿಗೆ ಒಂದು ಸಲ ಬರೆದು ಕೇಳಿ. ಕೆಲಸ ಹೋಗಿದ್ದರೆ, ಸಂಬಳ ಇಳಿದಿದ್ದರೆ, ಊರಲ್ಲಿರುವ ಅಪ್ಪ ಅಮ್ಮನ ಆಸ್ಪತ್ರೆ ಖರ್ಚು ನೀವೇ ನೋಡಿಕೊಳ್ಳುತ್ತಿದ್ದರೆ ಕಾಗದಪತ್ರದ ಜೊತೆ ತಿಳಿಸಿ. ನೆರವಿನ ಅರ್ಜಿಯಲ್ಲಿ ಮೈಸೂರಿನಲ್ಲೊಂದು ಸೈಟಿದ್ದರೆ ಅದನ್ನೂ ತೋರಿಸಬೇಕು ಎನ್ನುವುದು ನೆನಪಿರಲಿ, ಮುಚ್ಚಿಟ್ಟರೆ ಕಷ್ಟ. 2022ರಿಂದ ವಿಲಿಯಮ್ಸ್ ಕೊಡುವ ನೆರವಿನಲ್ಲಿ ಸಾಲವೇ ಇಲ್ಲ, ಪೂರ್ತಿ ಗ್ರಾಂಟ್. ಅಂತರ ವರ್ಷಕ್ಕೆ 10 ಸಾವಿರದೊಳಗೆ ಇಳಿದರೆ ನಾನೇ ವಿಲಿಯಮ್ಸ್‌ಗೆ ಕಳಿಸಿ ಅನ್ನುತ್ತೇನೆ. ‘ಇನ್ನೊಬ್ಬರು ಇಷ್ಟು ಮೆರಿಟ್ ಕೊಟ್ಟಿದ್ದಾರೆ, ನೀವೂ ಕೊಡಿ’ ಎಂಬ ಚೌಕಾಸಿ ಮಾತ್ರ ಅಲ್ಲಿ ನಡೆಯುವುದಿಲ್ಲ.

ವೂಸ್ಟರ್‌ಗೆ ಕೇಳಬೇಕಾದ್ದೂ ಇದೆ. ಸ್ಕಾಲರ್‌ಶಿಪ್ ನಾಲ್ಕೂ ವರ್ಷ ಉಳಿಯಲು ಎಷ್ಟು ಜಿಪಿಎ ಬೇಕು? ಒಂದು ಸೆಮಿಸ್ಟರ್ ವಿದೇಶದಲ್ಲಿ ಓದಿದರೆ ಆ ದುಡ್ಡು ಜೊತೆಗೆ ಬರುತ್ತದಾ? ಬಯಾಲಜಿ ವಿಭಾಗದಲ್ಲಿ ಈ ವರ್ಷ ಯಾರಾದರೂ ನಿವೃತ್ತರಾಗುತ್ತಿದ್ದಾರಾ, ಆ ಜಾಗ ತುಂಬುತ್ತಾರಾ? ಸಣ್ಣ ಕಾಲೇಜಿನಲ್ಲಿ ಇಬ್ಬರು ಮೇಷ್ಟ್ರು ಹೋದರೆ ಒಂದು ವಿಭಾಗವೇ ಸೊರಗುತ್ತದೆ. ಯಾವ ಸಣ್ಣ ಕಾಲೇಜೇ ಆಗಲಿ, ದತ್ತಿ ನಿಧಿ ಎಷ್ಟಿದೆ, ವಿದ್ಯಾರ್ಥಿಗಳ ಸಂಖ್ಯೆ ಇಳಿಯುತ್ತಿದೆಯಾ ಎಂದು ನೋಡಿ. ನ್ಯೂಯಾರ್ಕ್ ರಾಜ್ಯದ ವೆಲ್ಸ್ ಕಾಲೇಜು 1868ರದ್ದು. 2024ರ ಏಪ್ರಿಲ್ ಕೊನೆಗೆ ‘ಈ ಸೆಮಿಸ್ಟರ್‌ಗೆ ಮುಚ್ಚುತ್ತೇವೆ’ ಎಂದು ಹೇಳಿ ಮುಚ್ಚಿಯೇಬಿಟ್ಟಿತು. ಮಕ್ಕಳು ರಾತ್ರೋರಾತ್ರಿ ಬೇರೆ ಕಾಲೇಜು ಹುಡುಕಬೇಕಾಯಿತು.

ನಿಮ್ಮ ನ್ಯೂಜೆರ್ಸಿಯದೇ ಸರ್ಕಾರಿ ಯೂನಿವರ್ಸಿಟಿ ರಟ್ಗರ್ಸ್ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಅಲ್ಲೂ ಸೀಟು ಸಿಕ್ಕಿದ್ದರೆ, ಆನರ್ಸ್ ಕಾಲೇಜಾಗಿದ್ದರಂತೂ, ಅದನ್ನೂ ಮೇಜಿನ ಮೇಲೆ ಇಡಿ. ಕ್ಲಾಸುಗಳು ದೊಡ್ಡವು, ಮೇಷ್ಟ್ರನ್ನು ಹಿಡಿಯಲು ಅವಳೇ ಓಡಾಡಬೇಕು. ಸ್ವಭಾವತಃ ಮುನ್ನುಗ್ಗುವ ಹುಡುಗಿಯಾದರೆ ಅದೇನೂ ಕಷ್ಟವಲ್ಲ.

ಮೇ 1ರೊಳಗೆ ಡೆಪಾಸಿಟ್ ಕಟ್ಟಬೇಕು. ಏಡ್ ಆಫೀಸಿನ ಉತ್ತರ ಬರುವುದು ತಡವಾದರೆ ಗಡುವು ಮುಂದೂಡಿ ಎಂದು ಇಮೇಲ್‌ನಲ್ಲಿ ಕೇಳಿ, ಫೋನಿನಲ್ಲಿ ಅಲ್ಲ. ಎರಡೂ ಕಡೆ ಕಟ್ಟಿ ಇಟ್ಟುಕೊಳ್ಳಬೇಡಿ, ಗೊತ್ತಾದರೆ ಎರಡೂ ಕಡೆ ಸೀಟು ವಾಪಸ್ ತೆಗೆದುಕೊಳ್ಳಬಹುದು.