ಅರವತ್ತೈದು ದಾಟಿದವರು ಜಿಪ್ ಲೈನ್‌ಗೆ ಹೋಗಬಹುದೇ: ಗುಂಪಿನಲ್ಲಿ ಬಂದ ಪ್ರಶ್ನೆಗೆ ಉತ್ತರ

ತಮಗೆ 67 ವರ್ಷ, ರಕ್ತದೊತ್ತಡಕ್ಕೆ ಮಾತ್ರೆ ನಡೆಯುತ್ತಿದೆ, ಎಡ ಮೊಣಕಾಲು ಆಗಾಗ ನೋಯುತ್ತದೆ. ಜನವರಿಯಲ್ಲಿ ಬೆಂಗಳೂರಿನಿಂದ ಬರುವ ಮೊಮ್ಮಕ್ಕಳು ತಮ್ಮನ್ನೂ ತಮ್ಮ ಶ್ರೀಮತಿಯವರನ್ನೂ ಕಾಫಿ ತೋಟವೊಂದರ ಜಿಪ್ ಲೈನ್‌ಗೆ ಕರೆದೊಯ್ಯಲು ಹಟ ಹಿಡಿದಿದ್ದಾರೆ, ಹೋಗಬಹುದೇ ಎಂದು ಕೇಳಿದ್ದೀರಿ. ಅಡಿಕೆ ಬೆಳೆಗಾರರ ಗುಂಪಿನಲ್ಲಿ ಇದೆಂಥ ಪ್ರಶ್ನೆ ಎಂದು ಕೆಲವರು ನಕ್ಕಿದ್ದಾರೆ. ಕಳೆದ ವರ್ಷ, 66ನೆಯ ವಯಸ್ಸಿನಲ್ಲಿ, ನಾನು ಹೋಗಿ ಬಂದಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಹೋಗಬಹುದು. ಆದರೆ ಹಣ ಕಟ್ಟುವ ಮೊದಲು ತಂತಿಯ ಎತ್ತರಕ್ಕಿಂತ ಹೆಚ್ಚಾಗಿ, ತಂತಿಯವರೆಗೆ ಹತ್ತಬೇಕಾದ ದಾರಿ ಮತ್ತು ಆಚೆ ತುದಿಯಲ್ಲಿ ನಿಲ್ಲಿಸುವ ವ್ಯವಸ್ಥೆಯ ಕುರಿತು ವಿಚಾರಿಸಿ.

ಇದರ ತತ್ತ್ವ ನಮಗೆ ಹೊಸದಲ್ಲ. ಕೊನೆಗಾರನು ಮರದ ತುದಿಯಿಂದ ಅಡಿಕೆ ಕೊನೆಯನ್ನು (ಗೊನೆಯನ್ನು) ಹಗ್ಗದ ಮೇಲೆ ಜಾರಿಬಿಡುವುದನ್ನೂ, ಕೆಳಗೆ ಹಗ್ಗ ಹಿಡಿದವನು ಅದನ್ನು ಬಿಗಿ ಮಾಡಿ, ಸಡಿಲಿಸಿ ಕೊನೆಯ ವೇಗವನ್ನು ಹದ ಮಾಡುವುದನ್ನೂ ನಾವೆಲ್ಲ ನೋಡಿಕೊಂಡೇ ಬೆಳೆದಿದ್ದೇವೆ. ಹಗ್ಗ ಜೋಲಾದರೆ ಕೊನೆ ನಡುವೆಯೇ ನಿಲ್ಲುತ್ತದೆ, ಅತಿ ಬಿಗಿಯಾದರೆ ರಭಸದಿಂದ ಬಂದು ಕೈಗೆ ಬಡಿಯುತ್ತದೆ. ಜಿಪ್ ಲೈನಿನಲ್ಲಿ ಹಗ್ಗದ ಬದಲು ಉಕ್ಕಿನ ತಂತಿ, ಅದರ ಮೇಲೆ ಓಡುವ ರಾಟೆ, ರಾಟೆಗೆ ಕೊಂಡಿಯಿಂದ ತೂಗುಬಿದ್ದ ಸೊಂಟ ಮತ್ತು ತೊಡೆಯ ಪಟ್ಟಿಗಳು. ಅಡಿಕೆ ಕೊನೆಯ ಜಾಗದಲ್ಲಿ ನಾವು. ವ್ಯತ್ಯಾಸವೆಂದರೆ ಇಲ್ಲಿ ತಂತಿಯ ಬಿಗಿಯನ್ನು ಆಗಿಂದಾಗ ಬದಲಾಯಿಸಲಾಗುವುದಿಲ್ಲ. ಆದ್ದರಿಂದ ಭಾರವಿರುವವರು ವೇಗವಾಗಿ ಹೋಗುತ್ತಾರೆ, ಹಗುರವಾಗಿರುವವರು ಎದುರುಗಾಳಿಗೆ ಸಿಕ್ಕಿ ಆಚೆಯ ಅಟ್ಟಣೆ ತಲುಪುವ ಮೊದಲೇ ನಿಂತುಬಿಡುವುದೂ ಉಂಟು.

ನನಗಾದದ್ದು ಇದೇ. ನನ್ನ ತೂಕ 47 ಕೆಜಿ. ಎರಡನೆಯ ತಂತಿಯಲ್ಲಿ ಅಟ್ಟಣೆಗೆ ಇಪ್ಪತ್ತು ಅಡಿ ಇರುವಾಗ ರಾಟೆ ನಿಂತು, ತುಸು ಹಿಂದಕ್ಕೂ ಜಾರಿತು. ಹಾಗಾದಾಗ ಬೆನ್ನು ತಿರುಗಿಸಿ, ತಂತಿಯನ್ನು ಕೈ ಮೇಲೆ ಕೈ ಇಟ್ಟು ಎಳೆದುಕೊಂಡು ಹೋಗಬೇಕು ಎಂದು ಅಲ್ಲಿಯ ಹುಡುಗರು ಮೊದಲೇ ಹೇಳಿರಲಿಲ್ಲ. ಹೇಳಿದ್ದರೂ ಒಮ್ಮೆ ಹಿಡಿದುಕೊಂಡಿದ್ದ ನನ್ನ ಬಲ ಭುಜಕ್ಕೆ ಅದು ಆಗುವ ಕೆಲಸವಾಗಿರಲಿಲ್ಲ. ಮಾರ್ಗದರ್ಶಕನೊಬ್ಬ ಬಂದು ಎಳೆದೊಯ್ಯುವಷ್ಟರಲ್ಲಿ ಹತ್ತು ನಿಮಿಷವಾಯಿತು, ತೊಡೆಯ ಪಟ್ಟಿ ಒತ್ತಿ ಕಾಲು ಜೋಮು ಹಿಡಿಯಿತು. ಪಟ್ಟಿಯಲ್ಲಿ ಅಲ್ಲಾಡದೆ ತೂಗುತ್ತಿದ್ದರೆ ರಕ್ತ ಕಾಲಿನಲ್ಲೇ ನಿಂತು ತಲೆ ಸುತ್ತುವ ಸಂಭವವಿರುತ್ತದೆ. ಹಾಗೆ ಸಿಕ್ಕಿಕೊಂಡಾಗ ಸೈಕಲ್ ತುಳಿದಂತೆ ಕಾಲಾಡಿಸುತ್ತಿರಬೇಕೆಂಬುದು ನನಗೆ ನಂತರ ತಿಳಿಯಿತು.

ಆದ್ದರಿಂದ ಮೊದಲೇ ಫೋನ್ ಮಾಡಿ ಕೇಳಿ. ತಂತಿಗೆ ಕನಿಷ್ಠ ಮತ್ತು ಗರಿಷ್ಠ ತೂಕ ಎಷ್ಟು? ನಡುವೆ ನಿಂತರೆ ಯಾರು, ಹೇಗೆ ಕರೆತರುತ್ತಾರೆ? ಹಗುರವಾದವರನ್ನು ಮಾರ್ಗದರ್ಶಕನ ಜೊತೆ ಸೇರಿಸಿ ಕಳಿಸುತ್ತಾರೆಯೇ? ನಿಲ್ಲಿಸುವುದು ಸ್ಪ್ರಿಂಗ್ ಅಥವಾ ಹಗ್ಗದ ಬ್ರೇಕೋ, ಅಥವಾ ಚರ್ಮದ ಕೈಗವಸಿನಿಂದ ನಾವೇ ತಂತಿಯನ್ನು ಒತ್ತಿ ನಿಲ್ಲಿಸಬೇಕೋ? ಎರಡನೆಯದಾದರೆ, ಕೈ ಯಾವಾಗಲೂ ರಾಟೆಯ ಹಿಂಭಾಗದಲ್ಲಿರಬೇಕು, ಮುಂದೆ ಇಟ್ಟರೆ ಬೆರಳು ಸಿಕ್ಕುತ್ತದೆ. ಸಂಧಿವಾತದಿಂದ ಹಿಡಿತ ಸಡಿಲವಾದವರಿಗೆ ಅಂಥ ತಂತಿ ಬೇಡವೆಂದೇ ನನ್ನ ಅಭಿಪ್ರಾಯ. ಎಷ್ಟು ಮೆಟ್ಟಿಲು, ಎಷ್ಟು ದೂರದ ಏರು, ಅರ್ಧದಲ್ಲಿ ಬೇಡವೆನಿಸಿದರೆ ನಡೆದು ಇಳಿಯುವ ದಾರಿ ಇದೆಯೇ ಎಂಬುದು ತಮ್ಮ ಮೊಣಕಾಲಿನ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯ. ನಾನು ಹೋದಲ್ಲಿ ತಂತಿಯ ಮೇಲೆ ಇದ್ದದ್ದು ಒಟ್ಟು ಮೂರೋ ನಾಲ್ಕೋ ನಿಮಿಷ, ಗುಡ್ಡ ಹತ್ತಿದ್ದು ಮುಕ್ಕಾಲು ಗಂಟೆ. ಎರಡು ಮಹಡಿಯ ಮೆಟ್ಟಿಲನ್ನು ನಿಲ್ಲದೆ ಹತ್ತಿದಾಗ ಎದೆನೋವು ಬಂದರೆ, ಅಥವಾ ಮಾತಾಡಲಾಗದಷ್ಟು ಏದುಸಿರು ಬಂದರೆ ಆ ಯೋಚನೆಯನ್ನೇ ಬಿಡಿ.

ತಮ್ಮನ್ನು ವರ್ಷಗಳಿಂದ ನೋಡುತ್ತಿರುವ ವೈದ್ಯರನ್ನು ಒಮ್ಮೆ ಕೇಳಿಯೇ ಹೋಗಿ. ಹೃದಯದ ತೊಂದರೆ, ಹಿಡಿತಕ್ಕೆ ಬಾರದ ರಕ್ತದೊತ್ತಡ, ಮೂಳೆ ಸವೆತ, ಕತ್ತು ಅಥವಾ ಸೊಂಟದ ಡಿಸ್ಕ್ ತೊಂದರೆ, ಇತ್ತೀಚಿನ ಕಣ್ಣಿನ ಶಸ್ತ್ರಚಿಕಿತ್ಸೆ, ರಕ್ತ ತೆಳುವಾಗಿಸುವ ಮಾತ್ರೆ, ಇವುಗಳಲ್ಲಿ ಯಾವುದಿದ್ದರೂ ಅದನ್ನು ಮುಚ್ಚಿಡದೆ ಅಲ್ಲಿಯ ಅರ್ಜಿಯಲ್ಲಿ ಬರೆಯಬೇಕು. ಬೆಳಗಿನ ಬಿಪಿ ಮಾತ್ರೆಯನ್ನು ತಪ್ಪಿಸಬಾರದು. ಮೂತ್ರ ಹೆಚ್ಚಿಸುವ ಮಾತ್ರೆಯಾಗಿದ್ದರೆ ಅದರ ಸಮಯವನ್ನು ವೈದ್ಯರಲ್ಲೇ ಕೇಳಿಕೊಳ್ಳಿ, ಏಕೆಂದರೆ ಪಟ್ಟಿ ಬಿಗಿದ ಮೇಲೆ ಒಂದೆರಡು ಗಂಟೆ ಬಿಚ್ಚುವುದು ಕಷ್ಟ. ಸಕ್ಕರೆ ಕಾಯಿಲೆ ಇರುವವರು ಖಾಲಿ ಹೊಟ್ಟೆಯಲ್ಲಿ ಹೋಗಬಾರದು, ಜೇಬಿನಲ್ಲಿ ಒಂದು ತುಂಡು ಬೆಲ್ಲವಿರಲಿ.

ಶ್ರೀಮತಿಯವರಿಗೆ ಹೇಳಿ, ಸೀರೆಯಲ್ಲಿ ಸಾಧ್ಯವಿಲ್ಲ. ನಾನು ಸೊಸೆಯ ಚೂಡಿದಾರ ಹಾಕಿಕೊಂಡೆ, ವೇಲ್ ಬಿಟ್ಟೆ. ರಾಟೆಗೆ ಸಿಕ್ಕಬಹುದಾದ ಸೆರಗು, ವೇಲ್, ಜಡೆ ಯಾವುದೂ ಹೊರಗೆ ತೂಗಬಾರದು. ಮಾಂಗಲ್ಯವನ್ನು ಅಂಗಿಯೊಳಗೆ ಸೇರಿಸಿ. ಕನ್ನಡಕಕ್ಕೆ ದಾರ, ಕಾಲಿಗೆ ಹಿಮ್ಮಡಿ ಮುಚ್ಚುವ ಬೂಟು.

ಜನವರಿ ಒಳ್ಳೆಯ ಕಾಲವೇ. ಮಳೆಗಾಲದಲ್ಲಿ ನಮ್ಮ ಕಡೆ ಅಟ್ಟಣೆಯ ಹಲಗೆ ಪಾಚಿಗಟ್ಟುತ್ತದೆ, ತೊಯ್ದ ತಂತಿಯ ಮೇಲೆ ಕೈಗವಸಿನ ಹಿಡಿತ ನಿಲ್ಲುವುದಿಲ್ಲ, ಸಿಡಿಲಿನ ಮಾತಂತೂ ಬೇರೆ. ಆದರೆ ಮಂಗನ ಕಾಯಿಲೆಯ ಕಾಲವೂ ಚಳಿ, ಬೇಸಿಗೆಯೇ ಎಂಬುದನ್ನು ಬೆಂಗಳೂರಿನ ಮಕ್ಕಳು ಅರಿಯರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಆ ರೋಗ ಉಣುಗಿನ ಕಡಿತದಿಂದ ಹರಡುತ್ತದೆ, ಜಿಪ್ ಲೈನಿನ ದಾರಿ ಹೋಗುವುದೂ ತರಗೆಲೆಯ ಮೇಲೆಯೇ. ಸುತ್ತಮುತ್ತ ಮಂಗ ಸತ್ತ ಸುದ್ದಿ ಇದ್ದರೆ ಹೋಗುವುದನ್ನು ಮುಂದಕ್ಕೆ ಹಾಕಿ. ಇಲ್ಲದಿದ್ದರೂ ಉಣುಗು ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲವನ್ನು ಹಚ್ಚಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ ಮೈಯೆಲ್ಲ ನೋಡಿಕೊಳ್ಳಿ.

ಆ ದಿನ ಪಟ್ಟಿ ಬಿಗಿದ ಮೇಲೆ ತಾವೇ ಪರೀಕ್ಷಿಸಿ: ಪಟ್ಟಿಯೊಳಗೆ ಚಪ್ಪಟೆ ಅಂಗೈ ತೂರಬೇಕು, ಒಳಗೆ ಮುಷ್ಟಿ ಕಟ್ಟಿದರೆ ಕೈ ಹೊರಬರಬಾರದು, ಸೊಂಟಪಟ್ಟಿ ಹೊಟ್ಟೆಯ ಮೇಲೆ, ಸೊಂಟದ ಮೂಳೆಗಿಂತ ಮೇಲಿರಬೇಕು. ಅಟ್ಟಣೆಯ ಮೇಲೆ ಎರಡು ಕೊಂಡಿಗಳಲ್ಲಿ ಒಂದನ್ನು ಬಿಚ್ಚುವ ಮೊದಲು ಇನ್ನೊಂದು ಹಾಕಿರಬೇಕು. ಹುಡುಗರು ಅವಸರದಲ್ಲಿ ಇದನ್ನು ಮರೆತರೆ ವಯಸ್ಸಿನ ಸಂಕೋಚ ಬಿಟ್ಟು ಅಲ್ಲಿಯೇ ಹೇಳಿ. ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ನನಗೂ ಅಂದು ಬಾಯಿ ಬರಲಿಲ್ಲ. ಅಚ್ಚರಿಯೆಂದರೆ, ಭಯವೆಲ್ಲ ಕಾಲು ಬಿಡುವ ಕ್ಷಣದ್ದು ಮಾತ್ರ. ನಂತರ ಸಿಲ್ವರ್ ಓಕ್ ಮರಗಳ ತುದಿ ಕಾಲಡಿಯಲ್ಲಿ ಸಾಗುವುದನ್ನು ನೋಡುವಾಗ ನನಗೆ ಹೆದರಲು ಪುರಸೊತ್ತಿರಲಿಲ್ಲ.

ತಮ್ಮ ಮೊಣಕಾಲಿಗೆ ಒಂದೇ ತಂತಿಯ, ಜೀಪು ಮೇಲಿನವರೆಗೂ ಹೋಗುವ ಜಾಗವನ್ನು ಆರಿಸಿ, ಬೆಳಗಿನ ಮೊದಲ ಸರದಿಯನ್ನೇ ಕೇಳಿ. ಶ್ರೀಮತಿಯವರ ತೂಕ ಎಷ್ಟೆಂದು ಇಲ್ಲಿ ಬರೆಯಬೇಕಾಗಿಲ್ಲ, ಆದರೆ ಅಲ್ಲಿಗೆ ಫೋನ್ ಮಾಡುವಾಗ ಸರಿಯಾಗಿ ಹೇಳಿ.