ಬಿಸಿಜಿ ಚಿಕಿತ್ಸೆ ನಡೆಯುವಾಗ ಅಪ್ಪನ ಕೊಲೆಸ್ಟ್ರಾಲ್ ಮಾತ್ರೆ ನಿಲ್ಲಿಸಬೇಕೇ?

ತಂದೆಯ ಮೂತ್ರಕೋಶದ ಕ್ಯಾನ್ಸರ್‌ಗೆ ಬಿಸಿಜಿ ಆರಂಭವಾಗಲಿದೆ, ಕೊಲೆಸ್ಟ್ರಾಲ್ ಮಾತ್ರೆ ಅದರ ಬಲ ಕುಗ್ಗಿಸುತ್ತದೆ ಎಂದು ಓದಿದೆ, ಯಾರಿಗೂ ಹೇಳದೆ ಆರು ವಾರ ನಿಲ್ಲಿಸಿದರೆ ಏನಾದೀತು ಎಂದು ಕೇಳಿದ್ದೀರಿ. ನಾನು ಹಾಗೆಯೇ ನಿಲ್ಲಿಸಿದ್ದೆ. ಏನಾಯಿತು ಎಂಬುದನ್ನು ಹೇಳುತ್ತೇನೆ.

ನನ್ನ ಅಪ್ಪನಿಗೆ ಆಗ ಅರವತ್ತೆಂಟು ವರ್ಷ. ನಲವತ್ತು ವರ್ಷ ಬೀಡಿ ಸೇದಿ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ದಿನ ಬಿಟ್ಟವರು. ಆದರೆ ಹೊಗೆಯ ವಿಷ ರಕ್ತದಿಂದ ಮೂತ್ರಕ್ಕಿಳಿದು ಅಷ್ಟು ಕಾಲ ಮೂತ್ರಕೋಶದ ಒಳಪದರದ ಮೇಲೆ ನಿಂತಿತ್ತಲ್ಲ. ನೋವೇ ಇಲ್ಲದೆ ಮೂತ್ರ ಕೆಂಪಾಯಿತು. ಅವರು ಅದನ್ನು ಒಂದು ತಿಂಗಳು ಮುಚ್ಚಿಟ್ಟರು. ಬೆಂಗಳೂರಿನಲ್ಲಿ ಮೂತ್ರದ ದಾರಿಯಿಂದಲೇ ಉಪಕರಣ ಹಾಕಿ ಗೆಡ್ಡೆಯನ್ನು ಕೆರೆದು ತೆಗೆದರು. ಅದು ಸ್ನಾಯುವಿಗೆ ಇಳಿದಿರಲಿಲ್ಲ, ಆದರೆ ಮರುಕಳಿಸುವ ಅಪಾಯ ಹೆಚ್ಚು ಎಂದರು. ವಾರಕ್ಕೊಂದರಂತೆ ಆರು ಬಿಸಿಜಿ ಎಂದು ನಿರ್ಧಾರವಾಯಿತು.

ಬಿಸಿಜಿ ಎಂಬುದು ಒಂದು ಸೂಕ್ಷ್ಮಾಣು. ನಮ್ಮ ತೋಳಿನ ಮೇಲೆ ಗುರುತು ಉಳಿಸಿದ ಕ್ಷಯದ ಲಸಿಕೆಯಲ್ಲಿರುವುದೂ ಇದೇ. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಿನ್ ದನದ ಕ್ಷಯದ ಸೂಕ್ಷ್ಮಾಣುವನ್ನು 13 ವರ್ಷ ಮತ್ತೆ ಮತ್ತೆ ಬೆಳೆಸಿ ಪಳಗಿಸಿದರು. 1921ರಲ್ಲಿ ಅದನ್ನು ಮೊದಲ ಬಾರಿಗೆ ಮಗುವಿಗೆ ಕೊಡಲಾಯಿತು. ಮೂತ್ರಕೋಶದ ಕ್ಯಾನ್ಸರಿಗೆ ಅದನ್ನು ಬಳಸಿದ ವರದಿಯನ್ನು ಕೆನಡಾದ ವೈದ್ಯ ಆಲ್ವಾರೊ ಮೊರಾಲೆಸ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ಕೊಡುವುದು ಜೀವಂತ ಸೂಕ್ಷ್ಮಾಣುವನ್ನು. ಅದು ಒಳಪದರಕ್ಕೆ ಅಂಟಿಕೊಂಡಾಗ ದೇಹದ ರಕ್ಷಣಾ ಕೋಶಗಳು ಅಲ್ಲಿಗೆ ನುಗ್ಗುತ್ತವೆ. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದು ಆ ದಾಳಿ. ಕ್ಯಾತಿಟರ್ ಎಂಬ ತೆಳು ನಳಿಕೆಯ ಮೂಲಕ ಮೂತ್ರಕೋಶದೊಳಗೆ ಬಿಟ್ಟ ಔಷಧವನ್ನು ಅಪ್ಪ ಎರಡು ಗಂಟೆ ಹಿಡಿದಿಟ್ಟುಕೊಳ್ಳಬೇಕಿತ್ತು. ಆಮೇಲೆ ಆರು ಗಂಟೆಗಳವರೆಗೆ ಕುಳಿತೇ ಮೂತ್ರ ಮಾಡಬೇಕು, ಪ್ರತಿ ಸಲವೂ ಬ್ಲೀಚ್ ಸುರಿದು ಹದಿನೈದು ನಿಮಿಷ ಬಿಟ್ಟು ನೀರು ಹಾಕಬೇಕು. ಇಷ್ಟು ಕಷ್ಟಪಟ್ಟು ಒಳಗೆ ಬಿಟ್ಟ ಸೂಕ್ಷ್ಮಾಣುವಿಗೆ ಯಾವುದೂ ಅಡ್ಡಿಯಾಗಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ತಪ್ಪು ಮಾಡಿದ್ದು ಮೊದಲ ಡೋಸಿನ ಹಿಂದಿನ ರಾತ್ರಿ. ಸ್ಟ್ಯಾಟಿನ್, ಅಂದರೆ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ, ಸೇವಿಸುವವರಲ್ಲಿ ಬಿಸಿಜಿ ಸರಿಯಾಗಿ ಫಲ ಕೊಡಲಿಲ್ಲ ಎಂಬ ಬರಹ ಮೊಬೈಲಿನಲ್ಲಿ ಕಂಡಿತು. ಕ್ಷಯದ ಜಾತಿಯ ಸೂಕ್ಷ್ಮಾಣುಗಳು ರಕ್ಷಣಾ ಕೋಶದೊಳಗೆ ಹೋಗಲು ಕೋಶದ ಪೊರೆಯ ಕೊಲೆಸ್ಟ್ರಾಲ್ ಬೇಕು ಎಂಬ ಪ್ರಯೋಗಾಲಯದ ಸಂಗತಿಯೂ ಅಲ್ಲಿತ್ತು. ಎರಡನ್ನೂ ಜೋಡಿಸಿದಾಗ ನನಗೆ ಎಲ್ಲವೂ ಅರ್ಥವಾದಂತೆ ಅನಿಸಿತು. ಅದು ಯಾವ ವರ್ಷದ ಅಧ್ಯಯನ, ಎಷ್ಟು ರೋಗಿಗಳ ಮೇಲೆ ನಡೆದದ್ದು, ಆಮೇಲೆ ಬೇರೆ ಯಾರಾದರೂ ಪರೀಕ್ಷಿಸಿದರೇ ಎಂದು ನೋಡಲಿಲ್ಲ. ಮಾತ್ರೆ ಡಬ್ಬಿಯ ಏಳು ಖಾನೆಗಳಿಂದ ಅಪ್ಪನ ಸ್ಟ್ಯಾಟಿನ್ ಮಾತ್ರೆ ಅಟೋರ್ವಾಸ್ಟಾಟಿನ್ ತೆಗೆದೆ. ಅಪ್ಪ ಒಂದು ಮಾತ್ರೆ ಕಡಿಮೆಯಿದೆಯಲ್ಲ ಎಂದರು. ಡಾಕ್ಟರು ಹೇಳಿದ್ದಾರೆ ಎಂದೆ.

ಆ ಸುಳ್ಳಿಗಿಂತಲೂ ಹೆಚ್ಚು ನಷ್ಟ ಮಾಡಿದ್ದು ಮುಂದಿನ ಮೌನ. ಹೃದಯದ ವೈದ್ಯರು ನಮ್ಮ ಊರಿನಲ್ಲಿ, ಅವರದು ಹಸಿರು ಫೈಲು. ಮೂತ್ರಕೋಶದ ವೈದ್ಯರು ಬೆಂಗಳೂರಿನಲ್ಲಿ, ಅವರದು ನೀಲಿ ಫೈಲು. ಎರಡನ್ನೂ ಹಿಡಿದು ಓಡಾಡುತ್ತಿದ್ದವಳು ನಾನೊಬ್ಬಳೇ, ಆದರೂ ಒಂದರೊಳಗಿನದನ್ನು ಇನ್ನೊಂದರಲ್ಲಿ ಬರೆಸಲಿಲ್ಲ. ಮೂರನೆಯ ಡೋಸಿನ ದಿನ ನರ್ಸ್, "ಮಾತ್ರೆಗಳಲ್ಲಿ ಏನಾದರೂ ಬದಲಾವಣೆ ಇದೆಯೇ?" ಎಂದು ನೇರವಾಗಿಯೇ ಕೇಳಿದರು. ಇಲ್ಲ ಎಂದೆ. ಹೇಳಿದರೆ ಬೈಯುತ್ತಾರೆ, ಅಪ್ಪನ ಎದುರಿಗೆ ಸುಳ್ಳು ಬಯಲಾಗುತ್ತದೆ ಎಂಬ ಭಯ. ಅಂದು ಹೌದು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಈ ಒಂದು ಕ್ಷಣವನ್ನು ನಾನು ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ.

ಆರು ವಾರ ಮುಗಿದವು. ಮೂರು ತಿಂಗಳಿಗೆ ಕ್ಯಾಮೆರಾ ನಳಿಕೆ ಹಾಕಿ ಒಳಗೆ ನೋಡುವ ಸಿಸ್ಟೊಸ್ಕೋಪಿಯಲ್ಲಿ ಮೂತ್ರಕೋಶ ಶುಭ್ರವಾಗಿತ್ತು. ಮಾತ್ರೆ ನಿಲ್ಲಿಸಿದ್ದರಿಂದಲೇ ಇದಾಯಿತು ಎಂದುಕೊಂಡು ಮರುಕಳಿಕೆ ತಡೆಯುವ ಮುಂದಿನ ಮೂರು ಡೋಸುಗಳು ಮುಗಿಯುವವರೆಗೂ ಮಾತ್ರೆ ಕೊಡಬಾರದೆಂದು ತೀರ್ಮಾನಿಸಿದೆ. ಐದನೆಯ ದಿನ ನಸುಕಿನಲ್ಲಿ ಅಪ್ಪ ಎದೆ ಹಿಡಿದುಕೊಂಡು ಕುಳಿತಿದ್ದರು. ಹೃದಯಾಘಾತ. ಎರಡನೆಯ ಸ್ಟೆಂಟ್ ಬಿತ್ತು. 62 ಇದ್ದ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್ 138ಕ್ಕೆ ಏರಿತ್ತು. ಇದಕ್ಕೆ ಮಾತ್ರೆ ನಿಲ್ಲಿಸಿದ್ದೊಂದೇ ಕಾರಣವೆಂದು ಖಚಿತವಾಗಿ ಹೇಳಲಾಗದು, ಆದರೆ ಸ್ಟೆಂಟ್ ಇರುವವರಿಗೆ ಇದನ್ನು ನಿಲ್ಲಿಸಬಾರದಿತ್ತು ಎಂದರು ವೈದ್ಯರು. ಬಿಸಿಜಿಯ ಮುಂದಿನ ಡೋಸುಗಳು ಎರಡು ತಿಂಗಳು ಮುಂದಕ್ಕೆ ಹೋದವು. ಯಾವುದನ್ನು ಕಾಪಾಡಲು ಹೋಗಿದ್ದೆನೋ ಅದೇ ತಪ್ಪಿತು.

ನಾನು ಓದಿದ್ದರ ಮೂಲ 2006ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಒಂದು ಚಿಕ್ಕ ಪತ್ರ ಎಂದು ಐಸಿಯು ಹೊರಗೆ ಕುಳಿತಾಗ ಗೊತ್ತಾಯಿತು. ಒಟ್ಟು 84 ರೋಗಿಗಳು, ಅವರಲ್ಲಿ ಸ್ಟ್ಯಾಟಿನ್ ಸೇವಿಸುತ್ತಿದ್ದವರು 19 ಮಂದಿ. 2008ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯ ವೈದ್ಯರು ಒಂಬೈನೂರಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದಾಗ, ಸ್ಟ್ಯಾಟಿನ್ ಸೇವಿಸುವವರಲ್ಲಿ ಮರುಕಳಿಕೆಯಾಗಲಿ ರೋಗ ಮುಂದುವರಿಯುವುದಾಗಲಿ ಹೆಚ್ಚಿರಲಿಲ್ಲ. ಮೊದಲ ಪತ್ರ ನನಗೆ ಒಂದೇ ರಾತ್ರಿಯಲ್ಲಿ ಸಿಕ್ಕಿತ್ತು. ಎರಡನೆಯದು ಸಿಗಲು ಇನ್ನು ಹತ್ತು ನಿಮಿಷ ಹುಡುಕಿದ್ದರೆ ಸಾಕಿತ್ತು.

ಆದ್ದರಿಂದ ಬಿಸಿಜಿಯೋ ಕೊಲೆಸ್ಟ್ರಾಲ್ ಮಾತ್ರೆಯೋ ಎಂಬ ನಿಮ್ಮ ಪ್ರಶ್ನೆಯೇ ತಪ್ಪು ಎನ್ನುತ್ತೇನೆ. ನಿಮ್ಮ ತಂದೆಯ ಹೃದಯವನ್ನು ಪಣಕ್ಕಿಟ್ಟು ಬಿಸಿಜಿಗೆ ಸಹಾಯ ಮಾಡಬೇಕಾಗಿಲ್ಲ. ನಿಜವಾಗಿ ಎಚ್ಚರ ಬೇಕಾದದ್ದು ಬೇರೆ ಕಡೆ. ಉರಿಮೂತ್ರವೆಂದು ಅಂಗಡಿಯಿಂದ ಸಿಪ್ರೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ತಂದು ಕೊಡಬೇಡಿ. ಇಂಥ ಆ್ಯಂಟಿಬಯಾಟಿಕ್‌ಗಳು ಬಿಸಿಜಿಯ ಸೂಕ್ಷ್ಮಾಣುವನ್ನೇ ಕೊಲ್ಲಬಲ್ಲವು. ಸ್ಟೀರಾಯ್ಡ್ ಸೇವಿಸುತ್ತಿದ್ದರೆ ಮೊದಲೇ ತಿಳಿಸಿ. ಡೋಸಿನ ದಿನ ಮೂತ್ರದಲ್ಲಿ ರಕ್ತ ಕಂಡರೆ, ಕ್ಯಾತಿಟರ್ ಹಾಕುವಾಗ ಗಾಯವಾದರೆ ಅಂದು ಹಾಕಿಸಬೇಡಿ, ಸೂಕ್ಷ್ಮಾಣು ರಕ್ತಕ್ಕೆ ಸೇರುವ ಅಪಾಯವಿದೆ. ಜ್ವರ ಜೋರಾಗಿ ಬಂದರೆ ಅಥವಾ ಎರಡು ದಿನವಾದರೂ ಇಳಿಯದಿದ್ದರೆ ಬಿಸಿಜಿ ಕೊಟ್ಟ ಆಸ್ಪತ್ರೆಗೇ ಕರೆ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆಯ ವಿಷಯವನ್ನು ಇಬ್ಬರು ವೈದ್ಯರೂ ಮಾತನಾಡಿಕೊಂಡು ತೀರ್ಮಾನಿಸಲಿ.

ನಿಮ್ಮ ತಂದೆಯ ಡಬ್ಬಿಯಿಂದ ಮಾತ್ರೆಯನ್ನು ಈಗಾಗಲೇ ತೆಗೆದಿದ್ದರೆ ಮೊದಲ ಡೋಸಿನವರೆಗೆ ಕಾಯಬೇಡಿ. ಎಷ್ಟು ದಿನ ನಿಲ್ಲಿಸಿದಿರಿ ಎಂದು ಇಂದೇ ಹೃದಯದ ವೈದ್ಯರಿಗೆ ಫೋನ್ ಮಾಡಿ ಹೇಳಿ. ಬೈದರೆ ಬೈಯಲಿ.