ಉಚಿತ ಎತ್ತರದ ಡೇಟಾದಿಂದ ಮುಳುಗಡೆ ಗೆರೆ ಎಳೆಯಬಹುದಾ?

ಪ್ರಶ್ನೆ: ನಾನು ಬೀಳಗಿ ತಾಲ್ಲೂಕಿನವನು. ಸಿವಿಲ್ ಡಿಪ್ಲೊಮಾ ಮುಗಿದಿದೆ. ಆಲಮಟ್ಟಿಯಲ್ಲಿ ನೀರು 524.256 ಮೀಟರ್‌ವರೆಗೆ ನಿಂತರೆ ನಮ್ಮ ಊರಿನ ಯಾವ ಹೊಲ ಮುಳುಗುತ್ತದೆ ಅಂತ ನೋಡಲು, ಆನ್‌ಲೈನ್‌ನಲ್ಲಿ ಸಿಗುವ 30 ಮೀಟರ್ ಡೇಟಾ (30 ಮೀಟರ್ ಚೌಕಕ್ಕೆ ಒಂದು ಎತ್ತರ) ಇಳಿಸಿಕೊಂಡು ಕ್ಯೂಜಿಐಎಸ್ ಅನ್ನುವ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಗೆರೆ ಎಳೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಈಗ ದೊಡ್ಡ ಗಲಾಟೆ. ನಮ್ಮ ಮನೆ ಗೆರೆಯ ಒಳಗೆ ಬಂದಿದೆ ಅಂತ ಕೆಲವರಿಗೆ ಚಿಂತೆ, ಹೊರಗೆ ಬಿಟ್ಟಿದ್ದೀಯ ಅಂತ ಕೆಲವರಿಗೆ ಸಿಟ್ಟು. ನನ್ನ ಗೆರೆ ಸರಿಯಾ? ಅಮೆರಿಕದವರ ವಿಡಿಯೋಗಳಲ್ಲಿ ಲೈಡಾರ್ ಡೇಟಾವನ್ನು ಸುಮ್ನೆ ಡೌನ್‌ಲೋಡ್ ಮಾಡುತ್ತಾರಲ್ಲ, ಅದು ನಮ್ಮ ಜಿಲ್ಲೆಗೆ ಎಲ್ಲಿ ಸಿಗುತ್ತದೆ?

ಉತ್ತರ: ಮೊದಲು ಆ ನಕ್ಷೆಯನ್ನು ಗ್ರೂಪಿನಿಂದ ತೆಗೆಯಿರಿ, ಅದು ಅಂದಾಜು ಮಾತ್ರ ಅಂತ ಒಂದು ಸಾಲು ಬರೆದು ಹಾಕಿ. ಗೆರೆ ಎಳೆದ ರೀತಿ ತಪ್ಪಲ್ಲ. ಆದರೆ ಆ ಡೇಟಾಗೆ ಆ ಪ್ರಶ್ನೆಗೆ ಉತ್ತರ ಕೊಡುವ ಶಕ್ತಿ ಇಲ್ಲ.

ಲೆಕ್ಕ ನೋಡಿ. ಆಲಮಟ್ಟಿಯ ಈಗಿನ ಪೂರ್ಣ ಮಟ್ಟ 519.60 ಮೀಟರ್. 524.256ಕ್ಕೆ ಹೋದರೆ ಹೆಚ್ಚುವುದು 4.656 ಮೀಟರ್. ನಮ್ಮ ಕಡೆ ಸಿಗುವ ಉಚಿತ ಡೇಟಾದಲ್ಲಿ ಒಳ್ಳೆಯದು ಅಂದರೆ ಯುರೋಪಿನವರ ಕೋಪರ್ನಿಕಸ್‌ನ 30 ಮೀಟರ್ ಮಾದರಿ. ಅದರ ತಪ್ಪು ನೂರರಲ್ಲಿ ತೊಂಬತ್ತು ಕಡೆ 4 ಮೀಟರ್ ಒಳಗಿರುತ್ತದೆ ಅನ್ನುವುದು ಅದರ ಅಧಿಕೃತ ಮಾತು. ಅಂದರೆ ನೀವು ಅಳೆಯಬೇಕಾದ ವಸ್ತು ಎಷ್ಟಿದೆಯೋ ಸ್ಕೇಲಿನ ತಪ್ಪೂ ಹೆಚ್ಚು ಕಡಿಮೆ ಅಷ್ಟೇ ಇದೆ. ನೀವು ಹಳೆಯ ಎಸ್‌ಆರ್‌ಟಿಎಂ ಇಳಿಸಿಕೊಂಡಿದ್ದರೆ ಇನ್ನೂ ಕಷ್ಟ. ಅದು 2000ದ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಸುತ್ತಿ ರೇಡಾರ್‌ನಿಂದ ಅಳೆದದ್ದು. ತೊಂಬತ್ತು ಭಾಗ ಅಳತೆಗಳ ತಪ್ಪು 16 ಮೀಟರ್ ದಾಟಬಾರದು ಅನ್ನುವುದು ಅವರ ಗುರಿಯಾಗಿತ್ತು. ನಿಜದಲ್ಲಿ ಅದಕ್ಕಿಂತ ಚೆನ್ನಾಗಿಯೇ ಬಂತು, ಆದರೂ ಈ ಕೆಲಸಕ್ಕೆ ಸಾಲದು. 2000ದ ನಂತರ ಬಂದ ಲೇಔಟು, ಬೈಪಾಸು, ಏರಿ ಯಾವುದೂ ಅದರಲ್ಲಿ ಇಲ್ಲ.

ಇನ್ನೊಂದು ವಿಷಯ, ಇದನ್ನು ಬಹಳ ಜನ ಮರೆಯುತ್ತಾರೆ. ಹೊಳೆ ದಂಡೆಯ ಎರೆ ಹೊಲ ಎಷ್ಟು ಸಮ ಇರುತ್ತದೆ ಅಂತ ನಿಮಗೆ ಗೊತ್ತು. 200 ಮೀಟರ್ ನಡೆದರೆ 1 ಮೀಟರ್ ಏರುವ ಜಾಗ ಅಂದುಕೊಳ್ಳಿ. ಎತ್ತರದಲ್ಲಿ 4 ಮೀಟರ್ ತಪ್ಪಾದರೆ ನಕ್ಷೆಯ ಮೇಲೆ ನಿಮ್ಮ ಗೆರೆ 800 ಮೀಟರ್ ಆಚೆಗೋ ಈಚೆಗೋ ಸರಿಯುತ್ತದೆ. ಆ 800 ಮೀಟರ್‌ನಲ್ಲಿ ಎಷ್ಟು ಜನರ ಹೊಲ, ಎಷ್ಟು ಮನೆ ಇವೆ ನೋಡಿ. ಹಳೆ ಬಾಗಲಕೋಟೆ ಬಿಟ್ಟು ನವನಗರಕ್ಕೆ ಬಂದವರ ಜಿಲ್ಲೆ ನಮ್ಮದು. ಇಲ್ಲಿ ಮುಳುಗಡೆ ಗೆರೆ ಅಂದರೆ ಜನರ ಎದೆ ಹೊಡೆದುಕೊಳ್ಳುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈ ರೇಡಾರ್ ಮಾದರಿಗಳು ನೆಲವನ್ನು ಅಲ್ಲ, ಮೇಲೆ ಏನಿದೆಯೋ ಅದನ್ನು ಅಳೆಯುತ್ತವೆ. ಗಿಡದ ತುದಿ, ಮನೆಯ ಮಾಳಿಗೆ, ಎದ್ದು ನಿಂತ ಕಬ್ಬು. ಮುಧೋಳ, ಜಮಖಂಡಿ ಕಡೆ ಕಬ್ಬು ಮೂರು ಮೀಟರ್ ಬೆಳೆದು ನಿಂತಿರುತ್ತದೆ ಅಲ್ವಾ. ಅದರ ಸ್ವಲ್ಪ ಭಾಗ ಲೆಕ್ಕಕ್ಕೆ ಸೇರಿದರೂ ಮುಳುಗುವ ಹೊಲ ಕಂಪ್ಯೂಟರಿನಲ್ಲಿ ಎತ್ತರವಾಗಿ ಕಾಣುತ್ತದೆ.

ಈಗ ಲೈಡಾರ್ ವಿಷಯ. ವಿಮಾನ ಅಥವಾ ಡ್ರೋನ್‌ನಿಂದ ಲೇಸರ್ ಬಿಟ್ಟು, ಬೆಳಕು ತಾಗಿ ವಾಪಸ್ ಬರುವ ಸಮಯದಿಂದ ದೂರ ಲೆಕ್ಕ ಹಾಕುವುದೇ ಲೈಡಾರ್. ಅಮೆರಿಕದ ಭೂವಿಜ್ಞಾನ ಸರ್ವೆ ಸಂಸ್ಥೆ ತನ್ನ ಯೋಜನೆಯಲ್ಲಿ ಒಂದು ಚದರ ಮೀಟರ್‌ಗೆ ಕನಿಷ್ಠ 2 ಬಿಂದು, ಬಯಲು ನೆಲದಲ್ಲಿ ಸುಮಾರು 10 ಸೆಂ.ಮೀ. ತಪ್ಪು ಅನ್ನುವ ಮಟ್ಟ ಇಟ್ಟುಕೊಂಡು ಡೇಟಾವನ್ನು ಎಲ್ಲರಿಗೂ ಬಿಟ್ಟಿದೆ. ಇಂಗ್ಲೆಂಡಿನಲ್ಲೂ 1 ಮೀಟರ್ ಡೇಟಾ ಉಚಿತ. ನಮ್ಮಲ್ಲಿ ಹಾಗೆ ಇಡೀ ಜಿಲ್ಲೆಯ ಲೈಡಾರನ್ನು ಒಂದು ಬಟನ್ ಒತ್ತಿ ಇಳಿಸಿಕೊಳ್ಳುವ ವ್ಯವಸ್ಥೆ ಬಂದಿಲ್ಲ. 2022ರ ರಾಷ್ಟ್ರೀಯ ಭೂಪ್ರಾದೇಶಿಕ ನೀತಿಯಲ್ಲಿ 2030ರೊಳಗೆ ಬಯಲು ಪ್ರದೇಶಕ್ಕೆ 25 ಸೆಂ.ಮೀ. ನಿಖರತೆಯ ಎತ್ತರದ ಮಾದರಿ ಮಾಡುವ ಗುರಿ ಇದೆ. ಅದು ಆಗಲೇಬೇಕು, ಬೇಗ ಆಗಬೇಕು. ಇಸ್ರೋದ ಕಾರ್ಟೊಡೆಮ್ ಭುವನ್ ತಾಣದಲ್ಲಿ ಸಿಗುತ್ತದೆ, ಆದರೆ ಅದು ಲೈಡಾರ್ ಅಲ್ಲ, ಕಾರ್ಟೊಸ್ಯಾಟ್-1ರ ಜೋಡಿ ಚಿತ್ರಗಳಿಂದ ಮಾಡಿದ್ದು.

ಒಂದು ರೀತಿಯ ಲೇಸರ್ ಅಳತೆ ಮಾತ್ರ ನಮಗೂ ಉಚಿತವಾಗಿ ಸಿಗುತ್ತದೆ. ನಾಸಾದ ಐಸ್‌ಸ್ಯಾಟ್-2 ಉಪಗ್ರಹ 2018ರ ಸೆಪ್ಟೆಂಬರಿನಿಂದ ಮೇಲಿಂದ ಲೇಸರ್ ಬಿಡುತ್ತಿದೆ. ಅದು ಹೋದ ದಾರಿಯಲ್ಲಿ ಪ್ರತಿ 100 ಮೀಟರ್ ತುಂಡಿಗೆ ನೆಲದ ಎತ್ತರ ಎಷ್ಟು ಅಂತ ಎಟಿಎಲ್08 ಅನ್ನುವ ಫೈಲಿನಲ್ಲಿ ಕೊಡುತ್ತಾರೆ. ಸಾಲು ಸಾಲಾಗಿ ಇರುತ್ತದೆ, ಇಡೀ ಊರನ್ನು ತುಂಬುವುದಿಲ್ಲ. ಆದರೆ ನೀವು ಇಳಿಸಿದ 30 ಮೀಟರ್ ಮಾದರಿ ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ತಪ್ಪುತ್ತದೆ ಅಂತ ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆಯದು ಮನೆಯಲ್ಲಿ ಕೂತು ಸಿಗುವುದಿಲ್ಲ.

ಹಾಗಾದರೆ ನಿಮ್ಮ ಹೊಲದ ಪ್ರಶ್ನೆಗೆ ಏನು ಮಾಡುವುದು? ನಿಮ್ಮ ಮುಂದೆಯೇ ಒಂದು ದೊಡ್ಡ ಲೆವೆಲ್ ಮಷೀನ್, ಅಂದರೆ ಎತ್ತರದ ವ್ಯತ್ಯಾಸ ಅಳೆಯುವ ಯಂತ್ರ, ಇದೆ: ಹಿನ್ನೀರು. ಮಳೆಗಾಲ ಮುಗಿದು ಡ್ಯಾಂ ತುಂಬಿ, ಒಳಹರಿವು ಕಡಿಮೆ ಆದ ದಿನ, ಗಾಳಿ ಇಲ್ಲದ ಬೆಳಿಗ್ಗೆ ನೀರಿನ ಅಂಚಿಗೆ ಹೋಗಿ. ಅವತ್ತಿನ ಜಲಾಶಯದ ಮಟ್ಟ ದಿನಾ ಪ್ರಕಟವಾಗುತ್ತದೆ. ಮಟ್ಟ 519.60 ಅಂತ ಇದ್ದರೆ ನೀರಿನ ಅಂಚೇ 519.60ರ ಕಾಂಟೂರ್, ಅಂದರೆ ಒಂದೇ ಎತ್ತರದ ಗೆರೆ. ಅಲ್ಲಿ ಗೂಟ ಹೊಡೆದು ಆಟೋ ಲೆವೆಲ್ ಮಷೀನ್ ಹಿಡಿದು ಹೊಲದವರೆಗೆ ಲೆವೆಲ್ ಒಯ್ಯಿರಿ, ವಾಪಸ್ ಅದೇ ಗೂಟಕ್ಕೆ ಬಂದು ತಾಳೆ ನೋಡಿ. ಹೊಲದ ಮೂಲೆ ಗೂಟಕ್ಕಿಂತ 3 ಮೀಟರ್ ಮೇಲಿದ್ದರೆ ಅದು 522.60. ಡ್ಯಾಂನವರು ಯಾವ ಅಳತೆಯಲ್ಲಿ ಮಾತಾಡುತ್ತಾರೋ ಅದೇ ಅಳತೆಯಲ್ಲಿ ನಿಮ್ಮ ಉತ್ತರ ಸಿಗುತ್ತದೆ. ಕೈಯಲ್ಲಿ ಮಷೀನ್ ಇಲ್ಲದವರು ಆ ವಾರದ ಸೆಂಟಿನೆಲ್-2 ಉಪಗ್ರಹದ ಚಿತ್ರ ಇಳಿಸಿಕೊಂಡರೂ 10 ಮೀಟರ್ ವಿವರದಲ್ಲಿ ಆ ಅಂಚು ಕಾಣುತ್ತದೆ. ಡ್ಯಾಂ ತುಂಬುವಾಗ, ಇಳಿಯುವಾಗ ಬೇರೆ ಬೇರೆ ದಿನದ ಅಂಚು ಗುರುತು ಮಾಡಿದರೆ 519.60ರ ಕೆಳಗಿನ ಕಾಂಟೂರುಗಳು ಪುಕ್ಕಟೆ.

ಆದರೂ ಅದು ನಿಮ್ಮ ತಿಳಿವಳಿಕೆಗೆ. ಪ್ರವಾಹದ ಹೊತ್ತಿನಲ್ಲಿ ನೀರು ತಟ್ಟೆಯಂತೆ ಸಮ ನಿಲ್ಲುವುದಿಲ್ಲ, ಡ್ಯಾಂನಿಂದ ಮೇಲಕ್ಕೆ ಹೋದಂತೆ ಏರುತ್ತಾ ಹೋಗುತ್ತದೆ. ಆದ್ದರಿಂದ ಒಂದೇ ಕಾಂಟೂರ್ ಎಳೆದು ಸ್ವಾಧೀನದ ಗಡಿ ಇದೇ ಅಂತ ಯಾರೂ ಹೇಳಲಾಗದು. ಅದಕ್ಕೆ ಸರ್ಕಾರದ ಸರ್ವೆಯ ಗುರುತೇ ಬೇಕು. ಆ ಗುರುತಿನ ಬಗ್ಗೆ ಅನುಮಾನ ಬಂದರೆ ನಿಮ್ಮ ಲೆವೆಲ್ ಬುಕ್ ಹಿಡಿದು ಹೋಗಿ ಕೇಳಿ. ಫೋನಿನ ನಕ್ಷೆಗಿಂತ ಅದಕ್ಕೆ ತೂಕ ಜಾಸ್ತಿ.

ಪ್ರಶ್ನೆ: ವಿಜಯಪುರ ಜಿಲ್ಲೆ, ಡೋಣಿ ದಂಡೆಯಲ್ಲಿ ನಮ್ಮ ಹೊಲ. ಫೋನಿನ ಜಿಪಿಎಸ್ ಆ್ಯಪ್ ತೋರಿಸುವ ಎತ್ತರಕ್ಕೂ ಇಂಜಿನಿಯರ್ ಕೊಟ್ಟ ನಕ್ಷೆಯ ಎತ್ತರಕ್ಕೂ 70 ಮೀಟರ್ ಹತ್ತಿರ ವ್ಯತ್ಯಾಸ ಇದೆ. ಯಾರು ತಪ್ಪು?

ಉತ್ತರ: ಇಬ್ಬರೂ ಸರಿ ಇರಬಹುದು. ಉಪಗ್ರಹದ ಜಿಪಿಎಸ್ ಭೂಮಿಯನ್ನು ನುಣುಪಾದ ಮೊಟ್ಟೆಯಾಕಾರ ಅಂತ ಭಾವಿಸಿ ಅದರ ಮೇಲಿಂದ ಎತ್ತರ ಹೇಳುತ್ತದೆ. ಇಂಜಿನಿಯರು ಸಮುದ್ರ ಮಟ್ಟದಿಂದ ಹೇಳುತ್ತಾರೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಗುರುತ್ವ ಕಡಿಮೆ ಇರುವುದರಿಂದ ಆ ಸಮುದ್ರ ಮಟ್ಟದ ಮೇಲ್ಮೈ ಈ ಮೊಟ್ಟೆಗಿಂತ 106 ಮೀಟರ್ ಕೆಳಗಿದೆ, ಜಗತ್ತಿನಲ್ಲೇ ಅತಿ ತಗ್ಗು ಅಲ್ಲೇ. ಆ ತಗ್ಗಿನ ಇಳಿಜಾರು ನಮ್ಮ ತನಕ ಬಂದಿದೆ. ಅದಕ್ಕೇ ನಮ್ಮ ಕಡೆ ಜಿಪಿಎಸ್ ಎತ್ತರ ಸಮುದ್ರ ಮಟ್ಟದ ಎತ್ತರಕ್ಕಿಂತ 60ಕ್ಕೂ ಜಾಸ್ತಿ ಮೀಟರ್ ತಗ್ಗಾಗಿ ಕಾಣುತ್ತದೆ. ಮೇಲೆ ಹೇಳಿದ ಐಸ್‌ಸ್ಯಾಟ್-2 ಎತ್ತರವೂ ಮೊಟ್ಟೆಯಿಂದಲೇ. ಎಸ್‌ಆರ್‌ಟಿಎಂ ಬಳಸುವ ಸಮುದ್ರ ಮಟ್ಟದ ಮಾದರಿ ಇಜಿಎಂ96, ಕೋಪರ್ನಿಕಸ್ ಬಳಸುವುದು ಇಜಿಎಂ2008. ಒಂದನ್ನು ಇನ್ನೊಂದಕ್ಕೆ ಬದಲಿಸದೆ ಕಳೆದು ನೋಡಬೇಡಿ.

ನೀವು ಕಾಲುವೆಯೋ ಬಸಿಗಾಲುವೆಯೋ ಮಾಡುವವರಿದ್ದರೆ ಈ 70 ಮೀಟರ್ ಬಗ್ಗೆ ಚಿಂತೆ ಬೇಡ, ಅದು ಹೊಲದ ಎರಡೂ ತುದಿಗೆ ಒಂದೇ. ನಿಮಗೆ ಬೇಕಾದ್ದು ತುದಿಯಿಂದ ತುದಿಗೆ ಎಷ್ಟು ಇಳಿಜಾರು ಅನ್ನುವುದು. ಡೋಣಿಯ ಬಯಲಿನಲ್ಲಿ ಅದು ಕೆಲವು ಇಂಚುಗಳ ಮಾತು, ಫೋನಿಗೆ ಸಿಗುವುದಿಲ್ಲ. ಲೆವೆಲ್ ಮಷೀನ್ ಅಥವಾ ನೀರಿನ ಪೈಪಿನ ಲೆವೆಲ್ ಸಾಕು.

ಪ್ರಶ್ನೆ: ಬೆಳಗಾವಿಯಲ್ಲಿ ಸಣ್ಣ ಕಂಟ್ರಾಕ್ಟರ್ ನಾನು. ಒಂದು ಕೆಲಸ ಊರ ಹತ್ತಿರದ 10 ಎಕರೆ ಲೇಔಟು, ಇನ್ನೊಂದು ಖಾನಾಪುರ ಕಾಡಂಚಿನ ರಸ್ತೆ. ಡ್ರೋನ್ ಫೋಟೊ ಸರ್ವೆ ಕಡಿಮೆ ರೇಟು, ಡ್ರೋನ್ ಲೈಡಾರ್ ದುಬಾರಿ. ಉಚಿತ ಡೇಟಾದಲ್ಲೇ ಎಸ್ಟಿಮೇಟ್ ಮಾಡಬಹುದಾ?

ಉತ್ತರ: ಎಸ್ಟಿಮೇಟ್‌ಗೆ ಬೇಡವೇ ಬೇಡ. 30 ಮೀಟರ್ ಡೇಟಾದಲ್ಲಿ ನಿಮ್ಮ 10 ಎಕರೆಗೆ ಸಿಗುವುದು 45 ಚೌಕ ಮಾತ್ರ. ಸರಾಸರಿ 10 ಸೆಂ.ಮೀ. ತಪ್ಪಾದರೂ ಮಣ್ಣಿನ ಲೆಕ್ಕ 4,000 ಕ್ಯೂಬಿಕ್ ಮೀಟರ್ ಏರುಪೇರು. ಅದು ಎಷ್ಟು ಟಿಪ್ಪರ್ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆ ಡೇಟಾದಲ್ಲಿ ರಸ್ತೆ ದಾಟುವ ಹಳ್ಳಕ್ಕೆ ಎಷ್ಟು ಜಾಗದ ನೀರು ಬರುತ್ತದೆ, ಎರಡು ದಾರಿಯಲ್ಲಿ ಯಾವುದು ಕಡಿಮೆ ಏರು, ಇಂಥದ್ದನ್ನು ಧೈರ್ಯವಾಗಿ ನೋಡಿ.

ಬಯಲಾಗಿರುವ ಲೇಔಟಿಗೆ ಬೇಸಿಗೆಯಲ್ಲಿ ಫೋಟೊ ಸರ್ವೆ ಸಾಕು. ಖಾನಾಪುರಕ್ಕೆ ಮಾತ್ರ ಫೋಟೊ ನಂಬಬೇಡಿ, ಅದು ಮರದ ನೆತ್ತಿಯನ್ನಷ್ಟೇ ನೋಡುತ್ತದೆ. ಲೇಸರ್ ಎಲೆಗಳ ಸಂದಿಯಿಂದ ಇಳಿಯುತ್ತದೆ, ಒಂದೇ ಮಿಡಿತಕ್ಕೆ ಎಲೆಯಿಂದ ಒಂದು ಮರುಬೆಳಕು, ನೆಲದಿಂದ ಇನ್ನೊಂದು ಬರುತ್ತದೆ. ದಟ್ಟ ಹಸಿರಿನಲ್ಲಿ ಅದಕ್ಕೂ ಕಷ್ಟ, ಆದ್ದರಿಂದ ಎಲೆ ಉದುರಿದ ಮೇಲೆ, ಮಳೆ ಬರುವ ಮುಂಚೆ ಹಾರಿಸಲು ಹೇಳಿ. ನೀರಿನ ಅಡಿಯನ್ನು ಸಾಮಾನ್ಯ ಲೈಡಾರ್ ನೋಡುವುದಿಲ್ಲ, ಹಳ್ಳದ ತಳ ಬೇಕಾದರೆ ಕೈಯಿಂದಲೇ ಅಳೆಯಬೇಕು. ಬೆಳಗಾವಿಯಲ್ಲಿ ಸಾಂಬ್ರಾ ವಿಮಾನ ನಿಲ್ದಾಣ ಇದೆ, ಸೇನೆಯ ಜಾಗವೂ ಇದೆ. ಹಾರಿಸುವ ಮುಂಚೆ ಡಿಜಿಟಲ್ ಸ್ಕೈ ಅನ್ನುವ ಸರ್ಕಾರದ ಡ್ರೋನ್ ವಲಯಗಳ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರೋ ಹಳದಿಯೋ ಕೆಂಪೋ ನೋಡಿಸಿ.

ದುಡ್ಡು ಕೊಡುವಾಗ ಬಣ್ಣದ ನಕ್ಷೆ ನೋಡಿ ಸುಮ್ನಾಗಬೇಡಿ. ನೆಲದ ಬಿಂದುಗಳನ್ನು ಬೇರೆ ಮಾಡಿದ ಲ್ಯಾಸ್ ಫೈಲು (ಲೈಡಾರ್ ಬಿಂದುಗಳನ್ನು ಇಡುವ ಫೈಲು) ಕೇಳಿ. ಅದರ ಜೊತೆ, ಅವರು ಲೆಕ್ಕಕ್ಕೆ ಬಳಸದ ಹದಿನೈದು ಇಪ್ಪತ್ತು ಜಾಗದಲ್ಲಿ ನಿಮ್ಮ ಹುಡುಗರಿಂದಲೇ ಆಟೋ ಲೆವೆಲ್ ಹಿಡಿಸಿ ಹೋಲಿಸಿ. ಕೆಲವು ಬಿಂದು ಮರದ ಕೆಳಗೆ, ಕೆಲವು ಇಳಿಜಾರಿನಲ್ಲಿ ಇರಲಿ. ಬರೀ ಡಾಂಬರು ರಸ್ತೆಯ ಮೇಲೆ ಹೋಲಿಸಿದರೆ ಎಲ್ಲರ ಸರ್ವೆಯೂ ಚೆಂದ ಕಾಣುತ್ತದೆ.